ಹಾಲುಹಲ್ಲಿನ ಬುಡದ ಬಿಳಿ ಗೆರೆ

ಮೇಲಿನ ಸಾಲಿನ ನಾಲ್ಕು ಬಾಚಿಹಲ್ಲುಗಳ ಬುಡದಲ್ಲಿ, ಒಸಡಿಗೆ ತಾಗಿದಂತೆ, ಸುಣ್ಣದ ಬೆರಳು ಸವರಿದ ಹಾಗೆ ಒಂದು ಮಾಸಲು ಬಿಳಿ ಗೆರೆ ಮೂಡುತ್ತದೆ. ಚಿಕ್ಕ ಮಕ್ಕಳ ಹುಳುಕಿನ ಮೊದಲ ಗುರುತು ಇದು. ನೋವಿಲ್ಲ, ತೂತಿಲ್ಲ, ಕಪ್ಪಿಲ್ಲ. ಮಗು ನಕ್ಕಾಗಲೂ ತುಟಿಯ ಮರೆಯಲ್ಲೇ ಉಳಿಯುವುದರಿಂದ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಕೆಲವು ತಿಂಗಳಲ್ಲಿ ಗೆರೆ ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಲ್ಲಿನ ಮೈ ಒರಟಾಗಿ ಸಣ್ಣಗೆ ಉದುರತೊಡಗುತ್ತದೆ. ಮೂರು ವರ್ಷ ತುಂಬುವ ಹೊತ್ತಿಗೆ ಕೆಲವು ಮಕ್ಕಳ ಬಾಯಲ್ಲಿ ಮುಂದಿನ ಹಲ್ಲುಗಳ ಜಾಗದಲ್ಲಿ ಕಪ್ಪು ಮೋಟುಗಳು ಮಾತ್ರ ಉಳಿದಿರುತ್ತವೆ. ಆರು ವರ್ಷದೊಳಗಿನ ಮಗುವಿನ ಒಂದೇ ಒಂದು ಹಾಲುಹಲ್ಲು ಹೀಗೆ ಕೆಟ್ಟಿದ್ದರೂ ದಂತವೈದ್ಯರು ಅದನ್ನು ಎಳೆವಯಸ್ಸಿನ ದಂತಕ್ಷಯ ಎಂದು ಕರೆಯುತ್ತಾರೆ. ಮೂರು ವರ್ಷದೊಳಗೆ ಹಲ್ಲಿನ ನುಣುಪು ಮೈಯ ಮೇಲೆ ಇಂಥ ಗುರುತು ಕಂಡರೆ, ಅದು ಬರೀ ಬಿಳಿ ಗೆರೆಯೇ ಆಗಿದ್ದರೂ, ರೋಗವನ್ನು ತೀವ್ರ ಎಂದೇ ಲೆಕ್ಕ ಹಿಡಿಯುತ್ತಾರೆ.

ಇದು ಅಪರೂಪದ ಕಾಯಿಲೆಯಲ್ಲ. ಭಾರತೀಯ ದಂತವೈದ್ಯ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ಶೇಕಡ 51.9ರಷ್ಟು ಮಂದಿಗೆ ಹುಳುಕು ಹಲ್ಲಿತ್ತು. ಅಂದರೆ ಅಂಗನವಾಡಿ ಬಿಟ್ಟು ಶಾಲೆಯ ಮೆಟ್ಟಿಲು ಹತ್ತುವ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲು ಹುಳುಕಾಗಿದೆ.

ಈ ರೋಗ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂಬುದನ್ನು ತಿಳಿಯಲು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಗಿಂತ ತಕ್ಕ ನೆಲ ಸಿಗುವುದು ಕಷ್ಟ. ಪಂಚಗಂಗೆಯ ದಂಡೆಯ ಕೊಲ್ಹಾಪುರ ಬೆಲ್ಲದ ಪೇಟೆ. ಇಲ್ಲಿಯ ಬೆಲ್ಲಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಉಂಟು. ಅದೇ ನದಿಯ ಕೆಳದಂಡೆಯಲ್ಲಿರುವ ಇಚಲಕರಂಜಿ ಮಗ್ಗದ ಊರು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಮೇಲೆ ಆ ಊರಿನ ಸದ್ದೇ ಬದಲಾಯಿತು. ಕರ್ನಾಟಕದ ಕಡೆಯಿಂದ ಬಂದ ಎಷ್ಟೋ ಕನ್ನಡ ಕುಟುಂಬಗಳು ಅಲ್ಲಿ ನೆಲೆಸಿವೆ. ಹಿರಣ್ಯಕೇಶಿಯ ದಡದ ಗಡಹಿಂಗ್ಲಜ ಗಡಿ ತಾಲೂಕು. ಅದರ ಹಲವು ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆ ಮತ್ತು ಕಚೇರಿಯ ಮಾತು ಮರಾಠಿ. ನದಿ ಮುಂದೆ ಹರಿದು ಬೆಳಗಾವಿ ಜಿಲ್ಲೆಯ ಸಂಕೇಶ್ವರವನ್ನು ಮುಟ್ಟುತ್ತದೆ. ಮೂರೂ ಕಡೆ ಕಬ್ಬು ಇದೆ, ಸಕ್ಕರೆ ಕಾರ್ಖಾನೆಗಳಿವೆ, ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವ ಮನೆಗಳಿವೆ.

ಗಡಿಯ ಎರಡೂ ಮಾತುಗಳು ಈ ರೋಗಕ್ಕೆ ಒಂದೇ ಕಾರಣ ಹೇಳುತ್ತವೆ. ಕನ್ನಡದಲ್ಲಿ ‘ಹಲ್ಲಿಗೆ ಹುಳ ಹತ್ತೇತಿ’ ಎನ್ನುತ್ತಾರೆ, ಮರಾಠಿಯಲ್ಲಿ ಹಲ್ಲಿಗೆ ‘ಕೀಡ’ ಬಿತ್ತು ಎನ್ನುತ್ತಾರೆ. ಈ ನಂಬಿಕೆ ಬಲು ಹಳೆಯದು. ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಹಲ್ಲಿನ ಹುಳದ ಕಥೆಯಿದೆ. ನೆಲಗುಳ್ಳದ ಬೀಜ ಕೆಂಡಕ್ಕೆ ಹಾಕಿ, ಬಾಯಿಗೆ ಹೊಗೆ ಹಿಡಿಸಿ, ಕೆಳಗಿನ ನೀರಿನಲ್ಲಿ ಬಿಳಿ ಎಳೆಗಳನ್ನು ತೋರಿಸಿ ‘ಹುಳ ಬಿತ್ತು’ ಎನ್ನುವ ಚಿಕಿತ್ಸೆ ಭಾರತದ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು. ನೀರಿಗೆ ಬೀಳುವುದು ಕಾವಿಗೆ ಸಿಡಿದ ಬೀಜದ ಒಳಗಿನ ಮೊಳಕೆ. ಫ್ರಾನ್ಸಿನ ವೈದ್ಯ ಪಿಯೆರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ಹಲ್ಲಿನ ಹುಳದ ಮಾತನ್ನು ತಳ್ಳಿಹಾಕಿದ. ಆದರೂ ಹಳಬರ ಊಹೆಯಲ್ಲಿ ಅರ್ಧ ಸತ್ಯವಿತ್ತು. ಹಲ್ಲನ್ನು ಕೆಡಿಸುವುದು ಜೀವಿಯೇ. ಆದರೆ ಅದು ಕಣ್ಣಿಗೆ ಕಾಣುವ ಹುಳವಲ್ಲ, ಹಲ್ಲನ್ನು ಕಡಿಯುವುದೂ ಇಲ್ಲ.

ಆ ಜೀವಿಯನ್ನು ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್ ನೋಡಿದ್ದು 1683ರಲ್ಲಿ. ತನ್ನ ಹಲ್ಲುಗಳ ನಡುವಿನ ಬಿಳಿ ಪಾಚಿಯನ್ನು ಕೆರೆದು, ತಾನೇ ಉಜ್ಜಿ ಮಾಡಿದ ಮಸೂರದ ಕೆಳಗಿಟ್ಟಾಗ ಅದರಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಜೀವಿಗಳು ಓಡಾಡುತ್ತಿದ್ದವು. ನೇಯ್ಗೆಯ ನೂಲನ್ನು ಎಣಿಸಲು ಬಟ್ಟೆ ವ್ಯಾಪಾರಿಗಳು ಬಳಸುತ್ತಿದ್ದ ಮಸೂರವೇ ಅವನನ್ನು ಈ ಲೋಕಕ್ಕೆ ಕರೆತಂದದ್ದು ಎನ್ನುತ್ತಾರೆ. ಮಗ್ಗದ ಊರಿನ ಓದುಗರಿಗೆ ಇದು ಹತ್ತಿರದ ಸಂಗತಿ. ಆದರೆ ಆ ಜೀವಿಗಳಿಗೂ ಹುಳುಕಿಗೂ ನಂಟು ಕಟ್ಟಲು ಇನ್ನೂರು ವರ್ಷ ಬೇಕಾಯಿತು. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲೊಬಿ ಮಿಲ್ಲರ್, ಕಿತ್ತ ಹಲ್ಲುಗಳನ್ನು ಜೊಲ್ಲು ಮತ್ತು ರೊಟ್ಟಿಯ ಚೂರಿನ ಜೊತೆ ಇಟ್ಟು ನೋಡಿದ. ಬ್ಯಾಕ್ಟೀರಿಯಾಗಳು ಹಿಟ್ಟು ಸಕ್ಕರೆಗಳನ್ನು ಹುಳಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ಬರೆದ. 1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲುಗಳಿಂದ ಒಂದು ದುಂಡು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟ. ಆ ಮಾತನ್ನು ಜಗತ್ತು ಮೂರು ದಶಕಕ್ಕೂ ಹೆಚ್ಚು ಕಾಲ ಮರೆತೇ ಬಿಟ್ಟಿತ್ತು.

ನೆನಪಿಸಿದ್ದು ಇಲಿಗಳು. 1954ರಲ್ಲಿ ಅಮೆರಿಕದಲ್ಲಿ ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಸಾಕಿದ ಇಲಿಗಳಿಗೆ ಸಕ್ಕರೆ ತಿನ್ನಿಸಿದರೂ ಹಲ್ಲು ಕೆಡಲಿಲ್ಲ. ಸಕ್ಕರೆಯೊಂದರಿಂದಲೇ ಹುಳುಕು ಬಾರದು ಎಂಬುದು ಅಲ್ಲಿಗೆ ಖಚಿತವಾಯಿತು. 1960ರಲ್ಲಿ ಪಾಲ್ ಕೀಸ್ ಎಂಬ ಸಂಶೋಧಕ, ಹುಳುಕಿಲ್ಲದ ಹ್ಯಾಮ್‌ಸ್ಟರ್‌ಗಳನ್ನು ಹುಳುಕಿದ್ದವುಗಳ ಜೊತೆ ಬಿಟ್ಟಾಗ ಅವುಗಳಿಗೂ ರೋಗ ದಾಟಿದ್ದನ್ನು ತೋರಿಸಿದ. ಹುಳುಕಿಗೆ ಬ್ಯಾಕ್ಟೀರಿಯಾ ಬೇಕು, ಸಕ್ಕರೆಯೂ ಬೇಕು; ಎರಡೂ ಕೂಡಿದ ಮೇಲೆ ಅವಕ್ಕೆ ಸಮಯ ಬೇಕು.

ಮನುಷ್ಯನ ಬಾಯಲ್ಲಿ ಬಾಳಬಲ್ಲ ಬ್ಯಾಕ್ಟೀರಿಯಾಗಳ ಜಾತಿಗಳನ್ನು ಏಳುನೂರಕ್ಕೂ ಹೆಚ್ಚು ಎಂದು ಗುರುತಿಸಿದ್ದಾರೆ. ಹೆಚ್ಚಿನವು ಯಾರಿಗೂ ಕೇಡು ಮಾಡವು. ಹುಟ್ಟಿದ ಕೆಲವೇ ದಿನಗಳಲ್ಲಿ ಕೂಸಿನ ನಾಲಿಗೆ ಮತ್ತು ಕೆನ್ನೆಯ ಒಳಮೈ ಮೇಲೆ ಇವುಗಳ ವಸಾಹತು ಕೂಡುತ್ತದೆ. ಮೊದಲ ಹಲ್ಲು ಮೂಡಿದಾಗ ಅದರ ಮೇಲೆ ಮನೆ ಮಾಡುವವರಲ್ಲಿ ಸ್ಟ್ರೆಪ್ಟೊಕಾಕಸ್ ಸ್ಯಾಂಗ್ವಿನಿಸ್ ಎಂಬ ಸಾಧುವೂ ಒಂದು. ಅದು ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ಮ್ಯೂಟನ್ಸ್‌ನಂಥವನ್ನು ದೂರವಿಡುತ್ತದೆ. ಮ್ಯೂಟನ್ಸ್‌ಗೆ ಗಟ್ಟಿಯಾಗಿ ನೆಲೆಯೂರಲು ಬೇಕಾದದ್ದು ಹಲ್ಲಿನಂಥ ಉದುರದ, ಸವೆಯದ ಮೈ. ಅಮೆರಿಕದ ಪೇಜ್ ಕಾಫೀಲ್ಡ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನ ಮಕ್ಕಳ ಬಾಯಿಗೆ ಅದು ಸೇರಿದ್ದು 19ರಿಂದ 31 ತಿಂಗಳ ನಡುವೆ, ದವಡೆಹಲ್ಲುಗಳು ಮೂಡುವ ಕಾಲದಲ್ಲಿ. ಸಕ್ಕರೆ ಬೇಗ ಶುರುವಾದ ಬಾಯಲ್ಲಿ ಅದಕ್ಕೂ ಮೊದಲೇ ಬರುತ್ತದೆ ಎಂದು ಆಮೇಲಿನ ಅಧ್ಯಯನಗಳು ಕಂಡಿವೆ.

ಬರುವ ದಾರಿ ಜೊಲ್ಲು, ಹೆಚ್ಚಾಗಿ ತಾಯಿಯದು. ಅಂಬಲಿಯ ಬಿಸಿ ನೋಡಲು ತಾನು ಬಾಯಿಗಿಟ್ಟ ಚಮಚವನ್ನೇ ಮಗುವಿನ ಬಾಯಿಗೂ ಇಡುವುದು, ರೊಟ್ಟಿಯನ್ನು ಅಗಿದು ಮೆತ್ತಗೆ ಮಾಡಿ ತಿನ್ನಿಸುವುದು, ಕೆಳಗೆ ಬಿದ್ದ ನಿಪ್ಪಲ್ಲನ್ನು ತನ್ನ ಬಾಯಲ್ಲಿ ಚೀಪಿ ಕೊಡುವುದು, ಇವೆಲ್ಲ ಆ ದಾರಿಗಳು. ಹಾಗೆಂದು ತಾಯಿಯನ್ನೋ ಅಜ್ಜಿಯನ್ನೋ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಒಂದೇ ಮನೆಯಲ್ಲಿ ಬಾಳುವವರ ನಡುವೆ ಈ ಬ್ಯಾಕ್ಟೀರಿಯಾ ಇಂದಲ್ಲ ನಾಳೆ ದಾಟಿಯೇ ದಾಟುತ್ತದೆ. ಮ್ಯೂಟನ್ಸ್ ಇದ್ದೂ ಹುಳುಕಿಲ್ಲದ ಬಾಯಿಗಳು ಬೇಕಾದಷ್ಟಿವೆ. ತಾಯಿಯ ಹುಳುಕು ಹಲ್ಲುಗಳಿಗೆ ಬಸಿರಿನಲ್ಲೇ ಚಿಕಿತ್ಸೆ ಆದರೆ ಕೂಸಿಗೆ ದಾಟುವ ಬ್ಯಾಕ್ಟೀರಿಯಾಗಳ ಸಂಖ್ಯೆ ಕಡಿಮೆಯಾಗುತ್ತದೆ. ಮುದ್ದನ್ನು ನಿಲ್ಲಿಸಬೇಕಿಲ್ಲ, ಚಮಚ ಬೇರೆ ಇಟ್ಟರೆ ಸಾಕು.

ಸಕ್ಕರೆ ಸಿಕ್ಕ ಕೂಡಲೇ ಮ್ಯೂಟನ್ಸ್ ಎರಡು ಕೆಲಸ ಮಾಡುತ್ತದೆ. ಅದರ ಒಂದು ಕಿಣ್ವ ಸುಕ್ರೋಸನ್ನು ಸೀಳಿ, ಗ್ಲುಕೋಸಿನ ತುಣುಕುಗಳನ್ನು ಒಂದಕ್ಕೊಂದು ಪೋಣಿಸಿ ಗ್ಲುಕಾನ್ ಎಂಬ ಅಂಟನ್ನು ನೇಯುತ್ತದೆ. ನೀರಿನಲ್ಲಿ ಕರಗದ ಈ ಅಂಟೇ ಹಲ್ಲಿನ ಪಾಚಿಯ ಗೋಡೆ. ಬಾಯಿ ಮುಕ್ಕಳಿಸಿದರೆ ಹೋಗದು, ಉಜ್ಜಿದರೆ ಮಾತ್ರ ಹೋಗುತ್ತದೆ. ಇನ್ನೊಂದು ಕೆಲಸ, ಸಕ್ಕರೆಯನ್ನು ಹುಳಿಸಿ ಲ್ಯಾಕ್ಟಿಕ್ ಆಮ್ಲ ಮಾಡುವುದು. ಈ ಹುಳಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಸೊರಗುತ್ತವೆ, ಮ್ಯೂಟನ್ಸ್ ಮಾತ್ರ ಆಮ್ಲವನ್ನು ತನ್ನ ಮೈಯಿಂದ ಹೊರದಬ್ಬುತ್ತ ಕೆಲಸ ಮುಂದುವರಿಸುತ್ತದೆ. ಹೀಗೆ ಸಕ್ಕರೆ ಪದೇ ಪದೇ ಬರುವ ಬಾಯಲ್ಲಿ ಸಾಧುಗಳ ಸಂಖ್ಯೆ ಕುಗ್ಗಿ ಹುಳಿ ತಾಳುವವರ ಸಂಖ್ಯೆ ಏರುತ್ತದೆ. ಮ್ಯೂಟನ್ಸ್ ಒಂಟಿಯೂ ಅಲ್ಲ. ತೂತು ಬಿದ್ದ ಮೇಲೆ ಲ್ಯಾಕ್ಟೊಬ್ಯಾಸಿಲಸ್‌ಗಳು ಒಳಗೆ ಸೇರಿಕೊಳ್ಳುತ್ತವೆ. ತೀವ್ರ ಹುಳುಕಿರುವ ಎಳೆಯರ ಪಾಚಿಯಲ್ಲಿ ಸ್ಕಾರ್ಡೋವಿಯಾ ವಿಗ್ಸಿಯೇ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮತ್ತು ಕ್ಯಾಂಡಿಡಾ ಎಂಬ ಶಿಲೀಂಧ್ರ ಕೂಡ ಇದರ ಜೊತೆಗೂಡುವುದು ಈಚಿನ ವರ್ಷಗಳಲ್ಲಿ ತಿಳಿದಿದೆ. 2023ರಲ್ಲಿ ಅಮೆರಿಕದ ಸಂಶೋಧಕರು ಮೂರರಿಂದ ಐದು ವರ್ಷದ ಮಕ್ಕಳ ಪಾಚಿಯನ್ನು ನೋಡಿ, ಒಸಡಿನ ರೋಗಕ್ಕೆ ಮಾತ್ರ ಹೆಸರಾಗಿದ್ದ ಸೆಲೆನೊಮೊನಾಸ್ ಸ್ಪ್ಯುಟಿಜಿನಾ ಕೂಡ ಮ್ಯೂಟನ್ಸ್‌ನ ಅಂಟಿನಲ್ಲಿ ಸಿಕ್ಕಿಕೊಂಡು ಹುಳಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂದು ವರದಿ ಮಾಡಿದರು. ಒಂದು ಜೀವಿಯನ್ನು ಕೊಂದು ರೋಗ ನಿಲ್ಲಿಸುವ ಲಸಿಕೆ ಇಂದಿಗೂ ಬಾರದಿರುವುದಕ್ಕೆ ಈ ಕೂಡುಬಾಳೂ ಒಂದು ಕಾರಣ.

ಹಲ್ಲಿನ ಹೊರಕವಚ ಎನಾಮೆಲ್. ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳಿಂದ ಕಟ್ಟಿದ ಇದು ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆದರೆ ಪಾಚಿಯ ಹುಳಿ ಹೆಚ್ಚಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹರಳುಗಳು ಕರಗತೊಡಗುತ್ತವೆ. ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಇದನ್ನು ಅಳೆದ. ಸಕ್ಕರೆ ನೀರು ಬಾಯಿಗೆ ಹೋದ ಕೆಲವೇ ನಿಮಿಷದಲ್ಲಿ ಪಿಎಚ್ ಕುಸಿಯಿತು, ಮತ್ತೆ ಮೊದಲಿನ ಮಟ್ಟಕ್ಕೆ ಏರಲು ಅರ್ಧ ತಾಸಿನಿಂದ ಒಂದು ತಾಸು ಹಿಡಿಯಿತು. ಏರಿಸುವುದು ಜೊಲ್ಲು. ಅದು ಹುಳಿಯನ್ನು ತೊಳೆಯುತ್ತದೆ, ತಣಿಸುತ್ತದೆ, ಕರಗಿ ಹೋದ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಮರಳಿ ಹರಳಿಗೆ ಕೂಡಿಸುತ್ತದೆ. ಹಲ್ಲಿನ ಮೈ ಮೇಲೆ ಹೀಗೆ ಕರಗುವುದು ಕೂಡುವುದು ದಿನವಿಡೀ ನಡೆದಿರುತ್ತದೆ. ಕರಗುವ ಹೊತ್ತು ಕೂಡುವ ಹೊತ್ತನ್ನು ಮೀರಿದಾಗ ಬಿಳಿ ಗೆರೆ ಮೂಡುತ್ತದೆ.

ಆದ್ದರಿಂದ ಹಲ್ಲು ಎಣಿಸುವುದು ಸಕ್ಕರೆಯ ತೂಕವನ್ನಲ್ಲ, ಸಲವನ್ನು. ಇದಕ್ಕೆ ಪುರಾವೆ ಸಿಕ್ಕಿದ್ದು ನೋವಿನ ದಾರಿಯಿಂದ. ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ ಬುದ್ಧಿಮಾಂದ್ಯರ ಆಸ್ಪತ್ರೆಯಲ್ಲಿ 1940ರ ದಶಕದ ಕೊನೆಯ ವರ್ಷಗಳಲ್ಲಿ ರೋಗಿಗಳಿಗೆ ಅವರ ಒಪ್ಪಿಗೆಯಿಲ್ಲದೆ ಅಂಟು ಟಾಫಿ ತಿನ್ನಿಸಿ ಪ್ರಯೋಗ ನಡೆಸಿದರು. ಊಟದ ಜೊತೆಗೆ ಸಕ್ಕರೆ ತಿಂದವರ ಹಲ್ಲು ಅಷ್ಟಾಗಿ ಕೆಡಲಿಲ್ಲ. ಊಟದ ನಡುನಡುವೆ ಟಾಫಿ ಚೀಪಿದವರ ಹಲ್ಲು ಭೀಕರವಾಗಿ ಹಾಳಾದವು. ಮಾತಾಡಲಾರದ ಆ ಜನ ತೆತ್ತ ಬೆಲೆಯಿಂದ ಬಂದ ತಿಳಿವಳಿಕೆ ಇದು. ಅದನ್ನು ನಮ್ಮ ಕಡೆಯ ಒಂದು ದಿನಕ್ಕೆ ಹಚ್ಚಿ ನೋಡಬಹುದು. ಬೆಳಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕಿಟ್ಟು, ಒಂಬತ್ತಕ್ಕೆ ಅಳು ನಿಲ್ಲಿಸಲು ಒಂದು ಪೆಪ್ಪರಮೆಂಟು, ಮಧ್ಯಾಹ್ನ ಮಲಗುವ ಮುಂಚೆ ಸಕ್ಕರೆ ಹಾಲು, ನಾಲ್ಕಕ್ಕೆ ಮತ್ತೆ ಚಹಾ ಮತ್ತು ಟೋಸ್ಟು, ಸಂಜೆ ಅಂಗಡಿಯ ಕುರುಕಲು ಪೊಟ್ಟಣ, ರಾತ್ರಿ ಬಾಟಲಿ. ಇದರಲ್ಲಿ ಸಕ್ಕರೆ ಒಟ್ಟು ಸೇರಿಸಿದರೆ ಹಿಡಿಯಷ್ಟೂ ಆಗಲಾರದು. ಹಲ್ಲಿನ ಮಟ್ಟಿಗೆ ಅದು ಆರು ದಾಳಿ, ಮೂರು ತಾಸಿಗೂ ಹೆಚ್ಚು ಹುಳಿ. ಹಬ್ಬದ ದಿನ ಊಟದಲ್ಲಿ ಮೂರು ಹೋಳಿಗೆ ಉಂಡ ಮಗುವಿನ ಹಲ್ಲು ಇದಕ್ಕಿಂತ ಕ್ಷೇಮ.

ಬೆಲ್ಲದ ನಾಡಿನಲ್ಲಿ ಒಂದು ನಂಬಿಕೆ ಬಲವಾಗಿದೆ: ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಉಳಿದಿರುವುದು ನಿಜ. ಆದರೆ ಅದರ ಬಹುಪಾಲು ಸುಕ್ರೋಸೇ, ಮತ್ತು ಮ್ಯೂಟನ್ಸ್‌ಗೆ ಅದು ಗಾಣದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬ ಭೇದವಿಲ್ಲ. ಬೆಲ್ಲದ ಪಾಕದ ಶೇಂಗಾ ಚಿಕ್ಕಿ ಹಲ್ಲಿನ ಸಂದಿಗೆ ಅಂಟಿ ಕೂರುವುದರಿಂದ, ಬಾಯಲ್ಲಿ ಇರುವ ಹೊತ್ತಿನ ಲೆಕ್ಕದಲ್ಲಿ ಚಹಾದ ಸಕ್ಕರೆಗಿಂತ ಕಡೆ. ಕಬ್ಬು ಅಗಿಯುವುದರಿಂದ ಹಲ್ಲು ಸ್ವಚ್ಛವಾಗುತ್ತದೆ ಎಂಬ ಮಾತೂ ಇದೆ. ನಾರು ಹಲ್ಲಿನ ತುದಿಯನ್ನು ಒರೆಸೀತು, ಒಸಡಿನ ಬುಡದ ಪಾಚಿಯನ್ನು ಮುಟ್ಟದು; ಅಷ್ಟರಲ್ಲಿ ರಸ ಬಾಯಿ ತುಂಬ ಹರಿದಿರುತ್ತದೆ. ದೀಪಾವಳಿಯ ಹೊತ್ತಿಗೆ ಬೀಡ ಮೊದಲಾದ ಜಿಲ್ಲೆಗಳಿಂದ ಕಬ್ಬು ಕಡಿಯುವ ಟೋಳಿಗಳು ಈ ಜಿಲ್ಲೆಗೆ ಬಂದು, ಕಾರ್ಖಾನೆಗಳ ಹಂಗಾಮು ಮುಗಿಯುವವರೆಗೂ ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕುತ್ತವೆ. ತಂದೆ ತಾಯಿ ನಸುಕಿನಲ್ಲೇ ಕತ್ತಿ ಹಿಡಿದು ಹೊರಟ ಮೇಲೆ ಅವರ ಮಕ್ಕಳಿಗೆ ದಿನವೆಲ್ಲ ಕೈಗೆ ಸಿಗುವ ತಿನಿಸು ಕಬ್ಬು. ಊರಿನ ಅಂಗನವಾಡಿಯ ಪಟ್ಟಿಯಲ್ಲಿ ಹೆಸರಿಲ್ಲದ, ತಮ್ಮ ಊರಿನ ಪಟ್ಟಿಯಿಂದ ದೂರವಾದ ಈ ಮಕ್ಕಳ ಬಾಯನ್ನು ನೋಡುವವರು ಕಡಿಮೆ. ಜಿಲ್ಲೆಯ ಸಿಹಿಯನ್ನು ಕಡಿದು ಕೊಡುವವರ ಮಕ್ಕಳಿಗೆ ಆ ಕಾಳಜಿ ಮೊದಲು ಸಲ್ಲಬೇಕು.

ಎಲ್ಲ ಹೊತ್ತಿಗಿಂತ ಕೆಟ್ಟದ್ದು ರಾತ್ರಿ. ನಿದ್ದೆಯಲ್ಲಿ ಜೊಲ್ಲು ಬಹುತೇಕ ಬತ್ತುತ್ತದೆ, ನುಂಗುವುದೂ ನಿಲ್ಲುತ್ತದೆ. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿದ ಮಗುವಿನ ಮೇಲಿನ ಹಲ್ಲುಗಳ ಸುತ್ತ ಸಕ್ಕರೆ ಹಾಲು ಕೊಳದಂತೆ ನಿಲ್ಲುತ್ತದೆ. ಕೆಳಗಿನ ಬಾಚಿಹಲ್ಲುಗಳನ್ನು ಮಾತ್ರ ನಾಲಿಗೆ ಮುಚ್ಚಿಕೊಂಡಿರುತ್ತದೆ, ಜೊಲ್ಲಿನ ಗ್ರಂಥಿಗಳ ಬಾಯಿಯೂ ಅಲ್ಲೇ ಇದೆ. ಹಾಗಾಗಿ ಮೇಲಿನ ಮುಂದಿನ ಹಲ್ಲುಗಳು ಮೋಟಾಗಿ, ಕೆಳಗಿನವು ಮುತ್ತಿನಂತೆ ಉಳಿದಿರುವ ಬಾಯಿಯನ್ನು ನೋಡಿದ ಕೂಡಲೇ ವೈದ್ಯರಿಗೆ ರಾತ್ರಿಯ ಬಾಟಲಿಯ ಕಥೆ ಗೊತ್ತಾಗುತ್ತದೆ. ಬರೀ ಹಾಲಿನ ಲ್ಯಾಕ್ಟೋಸ್ ಅಷ್ಟು ಕೇಡಿನದಲ್ಲ. ಕೇಡು ಬೆರೆಸಿದ ಸಕ್ಕರೆಯದು. ಎದೆಹಾಲಿನ ಬಗ್ಗೆ ಅಳುಕು ಬೇಡ. ಮೊದಲ ವರ್ಷದಲ್ಲಿ ಅದು ಹಲ್ಲಿಗೂ ರಕ್ಷೆ. ವರ್ಷ ದಾಟಿ, ಹಲ್ಲುಗಳು ಬಂದು, ಬೇರೆ ಸಿಹಿ ತಿನಿಸೂ ಶುರುವಾದ ಮೇಲೆ ರಾತ್ರಿಯಿಡೀ ಮೊಲೆ ಬಾಯಲ್ಲೇ ಇದ್ದರೆ, ಮಲಗುವ ಮುಂಚೆ ಹಲ್ಲು ಒರೆಸುವುದನ್ನು ತಪ್ಪಿಸಬಾರದು ಅಷ್ಟೇ. ಬಾಟಲಿಯ ಜಾಹೀರಾತನ್ನೇ ಭಾರತದ 1992ರ ಕಾನೂನು ನಿಷೇಧಿಸಿದೆ; ಕೂಸಿಗೆ ಲೋಟ ಒಳಲೆಗಳೇ ಸಾಕು.

ಹಳೆಯ ರೂಢಿಯಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿ, ಉತ್ತತ್ತಿಗಳನ್ನು ಸಾಣೆಕಲ್ಲಿನ ಮೇಲೆ ತೇಯ್ದು ಕೂಸಿಗೆ ಗುಟ್ಟಿ ನೆಕ್ಕಿಸುವುದುಂಟು. ಅದಕ್ಕೆ ಜೇನು ಬೆರೆಸುವ ಮನೆಗಳಿವೆ, ಅಳುವ ಕೂಸಿನ ನಿಪ್ಪಲ್ಲನ್ನು ಜೇನಿಗೆ ಅದ್ದುವವರೂ ಇದ್ದಾರೆ. ಜೇನು ಹಲ್ಲಿಗೆ ಸಕ್ಕರೆಯಷ್ಟೇ ಅಪಾಯ. ಅದಕ್ಕಿಂತ ಮುಖ್ಯವಾಗಿ, ವರ್ಷ ತುಂಬದ ಕೂಸಿಗೆ ಜೇನನ್ನು ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳು ಎಳೆಗರುಳಿನಲ್ಲಿ ಮೊಳೆತು ನರಗಳಿಗೆ ವಿಷವಾಗಬಲ್ಲವು.

ಇಚಲಕರಂಜಿಯ ಮಗ್ಗಗಳಲ್ಲಿ ಹನ್ನೆರಡು ತಾಸಿನ ಪಾಳಿ ಸಾಮಾನ್ಯ. ಹಗಲು ಪಾಳಿ, ರಾತ್ರಿ ಪಾಳಿ ಸರದಿಯಲ್ಲಿ ತಿರುಗುತ್ತವೆ. ಒಂದು ಖೋಲಿಯ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ತಂದೆ ಹಗಲು ನಿದ್ದೆ ಮಾಡಬೇಕು, ತಾಯಿ ಕಂಡಿಕೆ ಸುತ್ತುವ ಕೆಲಸಕ್ಕೆ ಹೋಗಬೇಕು. ಮಗು ಅಳದಂತೆ ನೋಡಿಕೊಳ್ಳುವುದು ಅಕ್ಕನ ಇಲ್ಲವೇ ಅಜ್ಜಿಯ ಕೆಲಸ. ಐದು ರೂಪಾಯಿಯ ಬಿಸ್ಕಿಟ್ ಪುಡಿಕೆ ಅಲ್ಲಿ ತಿನಿಸಲ್ಲ, ಸಮಾಧಾನದ ಸಾಧನ. ಇಂಥ ಮನೆಗೆ ಹೋಗಿ ‘ಸಿಹಿ ಕೊಡಬೇಡಿ’ ಎಂದು ಹೇಳಿ ಬರುವುದು ಸುಲಭ, ನಡೆಯುವುದು ಕಷ್ಟ. ‘ಕೊಡುವುದಾದರೆ ಊಟದ ಜೊತೆಗೇ ಕೊಡಿ, ನಡುವೆ ಚುರುಮುರಿ, ಪುಠಾಣಿ, ಸೌತೆಕಾಯಿ, ರೊಟ್ಟಿಯ ತುಂಡು ಕೊಡಿ’ ಎಂಬುದು ನಡೆಯುವ ಮಾತು. ಅದಕ್ಕೆ ಹೆಚ್ಚಿನ ಖರ್ಚಿಲ್ಲ.

ಹಾಲುಹಲ್ಲು ಇಪ್ಪತ್ತು. ಮೊದಲನೆಯದು ಸಾಮಾನ್ಯವಾಗಿ ಆರನೇ ತಿಂಗಳ ಆಸುಪಾಸು ಮೂಡುತ್ತದೆ, ಮೂರು ವರ್ಷಕ್ಕೆ ಸಾಲು ಪೂರ್ತಿ. ಅವುಗಳ ಎನಾಮೆಲ್ ದೊಡ್ಡವರ ಹಲ್ಲಿನದಕ್ಕಿಂತ ಸುಮಾರು ಅರ್ಧದಷ್ಟು ತೆಳು, ಒಳಗಿನ ನರ ರಕ್ತನಾಳಗಳ ತಿರುಳು ಮೈಗೆ ಹತ್ತಿರ. ಹೀಗಾಗಿ ಹುಳುಕು ಒಳಗಿಳಿಯಲು ದೊಡ್ಡವರಲ್ಲಿ ವರ್ಷಗಳು ಬೇಕಾದರೆ ಇಲ್ಲಿ ತಿಂಗಳುಗಳು ಸಾಕು. ಈ ಹಲ್ಲುಗಳು ಗಟ್ಟಿಯಾಗತೊಡಗುವುದು ಬಸಿರಿನ ನಾಲ್ಕನೇ ತಿಂಗಳ ಹೊತ್ತಿಗೆ. ತಾಯಿಗೆ ಹೊಟ್ಟೆ ತುಂಬ ಊಟವಿಲ್ಲದಿದ್ದರೆ, ಕೂಸು ದಿನ ತುಂಬದೆ ಹುಟ್ಟಿದರೆ ಎನಾಮೆಲ್ ಕುಳಿಬಿದ್ದು ಒರಟಾಗಿ ಬರಬಹುದು. ಅಂಥ ಮೈ ಮೇಲೆ ಪಾಚಿ ಬೇಗ ಹತ್ತುತ್ತದೆ. ಬಡತನ ಹಲ್ಲಿನೊಳಗೆ ಹೊಗುವುದು ಹುಟ್ಟುವ ಮೊದಲೇ.

‘ಹೆಂಗೂ ಬೀಳೋ ಹಲ್ಲು’ ಎಂಬ ಮಾತು ಈ ರೋಗಕ್ಕೆ ದೊಡ್ಡ ಆಸರೆ. ಮುಂದಿನ ಹಾಲುಹಲ್ಲು ಬೀಳುವುದು ಆರೇಳು ವರ್ಷಕ್ಕೆ, ಆದರೆ ಹಿಂದಿನ ದವಡೆಹಲ್ಲು ಹತ್ತರಿಂದ ಹನ್ನೆರಡು ವರ್ಷದವರೆಗೂ ಇರಬೇಕು. ಅಲ್ಲಿಯವರೆಗೆ ಅದರಿಂದಲೇ ಮಗು ರೊಟ್ಟಿ ಅಗಿಯಬೇಕು. ಹುಳುಕು ತಿರುಳಿಗೆ ಇಳಿದ ಮಗು ಒಂದು ಕಡೆಯಿಂದಲೇ ಅಗಿಯುತ್ತದೆ, ಗಟ್ಟಿ ಊಟ ಬೇಡ ಎನ್ನುತ್ತದೆ, ರಾತ್ರಿ ಎದ್ದು ಅಳುತ್ತದೆ, ತೂಕ ಏರುವುದಿಲ್ಲ. ಹಟಮಾರಿ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಇರುವುದು ಹಲ್ಲುನೋವು. ಎರಡು ವರ್ಷದ ಮಗುವಿಗೆ ಅದನ್ನು ಹೇಳಲು ಮಾತಿಲ್ಲ. ಅವಧಿಗೆ ಮೊದಲೇ ದವಡೆಹಲ್ಲು ಕಿತ್ತರೆ ಅಕ್ಕಪಕ್ಕದವು ಆ ಜಾಗಕ್ಕೆ ವಾಲಿ, ಅಡಿಯಿಂದ ಬರುವ ಕಾಯಂ ಹಲ್ಲು ಓರೆಯಾಗುತ್ತದೆ. ಬೇರಿನಲ್ಲಿ ಕೀವು ಕಟ್ಟಿದರೆ ಆ ಎಳೆ ಹಲ್ಲಿನ ಎನಾಮೆಲ್ಲಿಗೂ ಕಲೆ ಬೀಳಬಹುದು. ಕೆನ್ನೆ ಅಥವಾ ಗದ್ದದ ಕೆಳಗೆ ಬಾವು, ಜ್ವರ, ನುಂಗಲು ತೊಂದರೆ ಕಂಡರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಬಿಳಿ ಗೆರೆಯ ಹಂತದಲ್ಲೇ ತಡೆದರೆ ಇದೆಲ್ಲ ಆಗಬೇಕಿಲ್ಲ. ಎನಾಮೆಲ್ಲಿನಲ್ಲಿ ಜೀವಕೋಶಗಳಿಲ್ಲ, ಮುರಿದ ಎಲುಬು ಕೂಡಿದ ಹಾಗೆ ತೂತು ತಾನಾಗಿ ಮುಚ್ಚದು. ಆದರೆ ತೂತು ಬೀಳುವ ಮೊದಲು ಹೋದ ಖನಿಜವನ್ನು ಜೊಲ್ಲು ಮರಳಿ ತುಂಬಬಲ್ಲದು, ಫ್ಲೋರೈಡ್ ಜೊತೆಗಿದ್ದರೆ ಇನ್ನೂ ಬೇಗ. ಫ್ಲೋರೈಡ್ ಸೇರಿದ ಹರಳು ಹುಳಿಯನ್ನು ಹೆಚ್ಚು ತಾಳುತ್ತದೆ. ಅದು ಕರಗಲು ಪಿಎಚ್ ಸುಮಾರು 4.5ರವರೆಗೆ ಇಳಿಯಬೇಕು. ಗೆರೆಯನ್ನು ಹುಡುಕಲು ಯಂತ್ರ ಬೇಡ. ಮಗುವನ್ನು ಬಾಗಿಲ ಬೆಳಕಿನಲ್ಲಿ ತೊಡೆಯ ಮೇಲೆ ಮಲಗಿಸಿ, ಮೇಲ್ತುಟಿ ಎತ್ತಿ, ಒಣ ಬಟ್ಟೆಯಿಂದ ಹಲ್ಲಿನ ತೇವ ಒರೆಸಿದರೆ ಒಸಡಿನ ಅಂಚಿನಲ್ಲಿ ಕಾಣುತ್ತದೆ. ಒದ್ದೆ ಹಲ್ಲಿನಲ್ಲಿ ಅಡಗಿದ್ದದ್ದು ಒಣಗಿದಾಗ ಬೆಳ್ಳಗೆ ಎದ್ದು ಬರುತ್ತದೆ. ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ ಎರೆಯುವ ದಿನ ಇದನ್ನೂ ಮಾಡಬಹುದು.

ಹಲ್ಲುಜ್ಜುವುದು ಮೊದಲ ಹಲ್ಲಿನಿಂದಲೇ ಶುರುವಾಗಬೇಕು, ದಿನಕ್ಕೆ ಎರಡು ಸಲ. ಅದರಲ್ಲಿ ಮಲಗುವ ಮುಂಚಿನದನ್ನು ಬಿಡುವಂತಿಲ್ಲ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಭಾರತದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಮಕ್ಕಳದೆಂದು ಮಾರುವ ಕೆಲವು ಪೇಸ್ಟುಗಳಲ್ಲಿ ಅದು ತೀರ ಕಡಿಮೆ, ಕೆಲವಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಡಬ್ಬಿ ಓದಿ ಕೊಳ್ಳಬೇಕು. ಏಳೆಂಟು ವರ್ಷದವರೆಗೂ ದೊಡ್ಡವರೇ ಉಜ್ಜಬೇಕು. ಮಗುವಿನ ಕೈಗೆ ಆ ಹದ ಬಂದಿರುವುದಿಲ್ಲ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಎಳೆ ಎನಾಮೆಲ್ಲನ್ನು ಸವೆಸುತ್ತವೆ. ಈ ಭಾಗದ ಹೆಂಗಸರಲ್ಲಿ ಹಳೆಯದಾದ ಮಿಶ್ರಿಯ ರೂಢಿಯಂತೂ ಹುರಿದ ತಂಬಾಕೇ. ಅದರ ಡಬ್ಬಿ ಮಕ್ಕಳ ಕೈಗೆಟುಕುವಲ್ಲಿ ಇರಬಾರದು. ಗದಗ, ಕೊಪ್ಪಳ, ರಾಯಚೂರು ಕಡೆ ಕೊಳವೆಬಾವಿಯ ನೀರಿನ ಹೆಚ್ಚು ಫ್ಲೋರೈಡಿನಿಂದ ಹಲ್ಲು ಕಂದಾದದ್ದನ್ನು ಕಂಡವರು ಪೇಸ್ಟಿಗೂ ಹೆದರುವುದುಂಟು. ಅದು ವರ್ಷಗಟ್ಟಲೆ ಕುಡಿದ ನೀರಿನ ಕಥೆ, ಉಗುಳುವ ಪೇಸ್ಟಿನದಲ್ಲ. ನದಿಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆಯೇ ಇರುವುದರಿಂದ ಹೊಳೆದಂಡೆಯ ಊರುಗಳ ಮಕ್ಕಳಿಗೆ ಪೇಸ್ಟೇ ಅದರ ಮುಖ್ಯ ದಾರಿ.

ತೂತು ಬಿದ್ದ ಮೇಲೂ ಕೀಳುವುದೊಂದೇ ದಾರಿಯಲ್ಲ. ಗೆರೆಯ ಹಂತದಲ್ಲಿ ವರ್ಷಕ್ಕೆ ಎರಡು ಸಲ ಫ್ಲೋರೈಡ್ ವಾರ್ನಿಷ್ ಬಳಿಯುತ್ತಾರೆ, ಒಂದೆರಡು ನಿಮಿಷದ ಕೆಲಸ. ಸಣ್ಣ ತೂತಿನ ಮೆತ್ತನೆಯ ಭಾಗವನ್ನು ಕೈ ಸಲಕರಣೆಯಿಂದಲೇ ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬಬಹುದು. ಡ್ರಿಲ್ಲಿನ ಸದ್ದಿಲ್ಲ, ಚುಚ್ಚುಮದ್ದಿಲ್ಲ. ಕುರ್ಚಿಯ ಮೇಲೆ ಕೂರಲೊಪ್ಪದ ಎಳೆಯರಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವದ ಒಂದು ಹನಿ ಸವರುವ ವಿಧಾನವಿದೆ. ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಉಳಿದ ಹಲ್ಲನ್ನು ಗಟ್ಟಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹುಳುಕಿನ ಜಾಗ ಕಾಯಂ ಆಗಿ ಕಪ್ಪಾಗುವುದೊಂದೇ ಇದರ ಕೊರತೆ; ಇದನ್ನು ತಾಯಿ ತಂದೆಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ದವಡೆಹಲ್ಲು ಹೆಚ್ಚು ಹಾಳಾಗಿದ್ದರೆ ಸ್ಟೀಲ್ ಟೋಪಿ ಹಾಕಿ, ಅದು ಬೀಳುವ ವಯಸ್ಸಿನವರೆಗೆ ಉಳಿಸಿಕೊಳ್ಳಬಹುದು.

ಮಕ್ಕಳ ತಪಾಸಣೆಗೆ ಸರ್ಕಾರದ ವ್ಯವಸ್ಥೆಯೂ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ಪಾಲಘರದಲ್ಲೇ. ಅದರ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಬಂದು ನೋಡುವ ತೊಂದರೆಗಳಲ್ಲಿ ಹಲ್ಲಿನದೂ ಒಂದು. ಕಂಡ ಮಕ್ಕಳನ್ನು ಉಚಿತ ಚಿಕಿತ್ಸೆಗೆ ಕಳಿಸಬೇಕು. ಕೊಲ್ಹಾಪುರದ ಛತ್ರಪತಿ ಪ್ರಮಿಳಾರಾಜೇ ಆಸ್ಪತ್ರೆ, ಅಂದರೆ ಜನರ ಬಾಯಿಯ ಸಿಪಿಆರ್, ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ. ನವೆ ಪಾರಗಾಂವದಲ್ಲಿ ತಾತ್ಯಾಸಾಹೇಬ ಕೋರೆ ದಂತ ಮಹಾವಿದ್ಯಾಲಯವಿದೆ. ಗಡಹಿಂಗ್ಲಜ ಕಡೆಯವರಿಗೆ ಬೆಳಗಾವಿಯೂ ದೂರವಲ್ಲ. ಅಲ್ಲಿಯ ಕೆಎಲ್‌ಇ ಮತ್ತು ಮರಾಠಾ ಮಂಡಳದ ದಂತ ಮಹಾವಿದ್ಯಾಲಯಗಳಲ್ಲಿ ಕನ್ನಡದಲ್ಲೇ ಮಾತಾಡಿ ಮಗುವನ್ನು ತೋರಿಸಬಹುದು. ದಂತ ಮಹಾವಿದ್ಯಾಲಯಗಳಲ್ಲಿ ಮಕ್ಕಳ ಹಲ್ಲಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ. ಮೊದಲ ಭೇಟಿ ಮೊದಲ ಹುಟ್ಟುಹಬ್ಬದೊಳಗೆ ಆಗಬೇಕು ಎಂಬುದು ಮಕ್ಕಳ ದಂತವೈದ್ಯರ ಸಲಹೆ. ಗಡಿಹಳ್ಳಿಯಲ್ಲಿ ತಪಾಸಣೆಯ ಚೀಟಿ ಮರಾಠಿಯಲ್ಲಿ ಬಂದು, ಓದಬೇಕಾದ ಅಜ್ಜಿಗೆ ಕನ್ನಡವಷ್ಟೇ ಗೊತ್ತಿದ್ದರೆ, ಆ ಚೀಟಿಯ ಅರ್ಥವನ್ನು ಅಂಗನವಾಡಿ ತಾಯಿ ಅಥವಾ ಆಶಾ ಕಾರ್ಯಕರ್ತೆ ಬಾಯಿಮಾತಿನಲ್ಲಿ ಮುಟ್ಟಿಸಿದರೇ ಮಗು ಆಸ್ಪತ್ರೆ ತಲುಪುತ್ತದೆ.

ಆರನೇ ವರ್ಷದಲ್ಲಿ ಇನ್ನೊಂದು ಹಲ್ಲು ಬರುತ್ತದೆ. ಹಾಲುಹಲ್ಲಿನ ಸಾಲಿನ ಕೊನೆಗೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಮೂಡುವ ಇದು ಕಾಯಂ ದವಡೆಹಲ್ಲು. ಬಿದ್ದ ಹಲ್ಲಿನ ಜಾಗದಲ್ಲಿ ಬಂದದ್ದಲ್ಲವಾದ್ದರಿಂದ ಮನೆಯವರು ಇದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಇದರ ಮುಂದಿನ ಹುಳುಕು ಹಲ್ಲಿನಲ್ಲಿ ಮ್ಯೂಟನ್ಸ್ ತುಂಬಿಕೊಂಡಿದ್ದರೆ, ಇನ್ನೂ ಪೂರ್ತಿ ಗಟ್ಟಿಯಾಗದ ಈ ಹಲ್ಲಿನ ಆಳವಾದ ಗೆರೆಗಳಿಗೆ ಅದು ಮೊದಲ ವರ್ಷದಲ್ಲೇ ಇಳಿಯುತ್ತದೆ. ಅದಕ್ಕೇ ದಂತವೈದ್ಯರು ಆರು ತುಂಬಿದ ಮಗುವಿನ ಬಾಯಿಯ ಹಿಂಬದಿಯನ್ನು ಮೊದಲು ನೋಡಿ, ಆ ಗೆರೆಗಳನ್ನು ಸೀಲೆಂಟ್ ಎಂಬ ತೆಳುಲೇಪದಿಂದ ಮುಚ್ಚುತ್ತಾರೆ.